ಪಾಯ ತೆಗೆಯೋಕೆ ಮುಂಚೆ ಮುಚ್ಚಳ ತೆಗಿ

ಹಲೋ... ರೆಕಾರ್ಡ್ ಆಗ್ತಿದ್ಯೋ ಇಲ್ವೋ... ಹಾಂ, ಕೆಂಪಗೆ ಮಿನುಗ್ತಿದೆ. ಕಿಟ್ಟಿ, ನಾನು ಕಣೋ, ದೊಡ್ಡಮ್ಮ. ಬೆಳಗ್ಗೆ ನೀನು ಗ್ರೂಪಲ್ಲಿ ಹಾಕಿದ್ದನ್ನ ಈಗ ನೋಡ್ದೆ. ತಾತನ ಸೈಟಲ್ಲಿ 16 ಫ್ಲ್ಯಾಟ್ ಕಟ್ಟೋಕೆ ಬಿಲ್ಡರ್ ಜೊತೆ ಮಾತಾಗಿದೆ, ಬೆಂಗಳೂರು ಜಲಮಂಡಳಿ ಎನ್‌ಒಸಿ, ಅಂದ್ರೆ ಅಭ್ಯಂತರ ಇಲ್ಲ ಅನ್ನೋ ಪತ್ರ, ಇನ್ನೂ ಕೈಗೆ ಬಂದಿಲ್ಲ, ಅವನು ನೋಡಿದ್ರೆ ಮುಂದಿನ ವಾರ ಪಾಯ ತೆಗೆಯೋಣ ಅಂತಿದಾನೆ, ಪರವಾಗಿಲ್ವಾ ಅಂತ ಕೇಳಿದ್ದೀಯ. ಅದರ ಕೆಳಗೆ ನಿಮ್ಮ ಚಿಕ್ಕಪ್ಪಂದಿರು, ಮಾವಂದಿರು ಎಲ್ಲ ಸಾಲಾಗಿ ಹೆಬ್ಬೆಟ್ಟು ಒತ್ತಿದ್ದಾರೆ. ಇಂಜಿನಿಯರಿಂಗ್ ಓದಿದವರೂ ಹೆಬ್ಬೆಟ್ಟೇ. ಒಬ್ಬರೂ ಬಾಯಿ ಬಿಟ್ಟು ಏನೂ ಹೇಳಲಿಲ್ಲ. ಅದಕ್ಕೇ ನಾನು ಮಾತಾಡ್ತಿದ್ದೀನಿ. ಟೈಪ್ ಮಾಡೋಕೆ ನನಗೆ ಕಣ್ಣು ಕಾಣಲ್ಲ. ಉದ್ದ ಆದ್ರೆ ಆಗಲಿ, ಒಲೆ ಮುಂದೆ ನಿಂತ್ಕೊಂಡು ಕೇಳಿ.

ಪರವಾಗಿಲ್ಲ ಅಂತ ನಾನು ಹೇಳಲ್ಲ. ಹೋಗೋ ನೀರಿನ ದಾರಿ ನೋಡದೆ ಪಾಯ ತೆಗೀಬೇಡ. ಬರೋ ನೀರು ಅಲ್ಲ ಕಿಟ್ಟಿ, ಹೋಗೋ ನೀರು.

ನಮ್ಮ ಅಪಾರ್ಟ್‌ಮೆಂಟ್ ಕಥೆ ನಿಮಗೆಲ್ಲ ಗೊತ್ತಿರೋದೇ. ಗೊತ್ತಿದೆ ಅಂದ್ಕೊಂಡಿದ್ದೀರ, ಅಷ್ಟೆ. ನೀವೆಲ್ಲ ಗೃಹಪ್ರವೇಶಕ್ಕೆ ಬಂದು ಹೋಳಿಗೆ ತಿಂದು ಹೋದವರು. ಆಮೇಲಿನ ಒಂಬತ್ತು ತಿಂಗಳು ಅಲ್ಲಿದ್ದದ್ದು ನಾನು, ನಿಮ್ಮ ದೊಡ್ಡಪ್ಪ.

ಸೈಟು 60–120. ರಸ್ತೆಯಲ್ಲಿ ಯುಜಿಡಿ ಲೈನ್, ಅದೇ ನೆಲದಡಿಯ ಒಳಚರಂಡಿ, ಇತ್ತು, ಗೇಟಿನ ಎದುರಿಗೇ ಮ್ಯಾನ್‌ಹೋಲು. ಬಿಲ್ಡರ್ ಅದರ ಮುಚ್ಚಳದ ಮೇಲೆ ಶೂ ಕಾಲಲ್ಲಿ ಟಕ್ ಟಕ್ ಅಂತ ಬಡಿದು, ‘ಮನೆ ಬಾಗಿಲಲ್ಲೇ ಇದೆಯಲ್ಲ ಅಮ್ಮಾ, ಎನ್‌ಒಸಿ ಅನ್ನೋದು ಬರೀ ಪೇಪರ್’ ಅಂದ. ನಮ್ಮವರೂ ತಲೆ ಆಡಿಸಿದ್ರು. ಆ ಮುಚ್ಚಳಾನ ಎತ್ತಿ ಒಳಗೆ ಎಷ್ಟು ಅಡಿ ಇದೆ ಅಂತ ಒಬ್ಬರಾದ್ರೂ ನೋಡಿದ್ರಾ? ಇಲ್ಲ. ವಾಸ್ತು ನೋಡಿದ್ವಿ. ಬೋರ್‌ವೆಲ್ ಪಾಯಿಂಟಿಗೆ ತೆಂಗಿನಕಾಯಿ ಹಿಡಿದುಕೊಂಡು ಓಡಾಡೋರನ್ನ ಕರೆಸಿದ್ವಿ. ಮ್ಯಾನ್‌ಹೋಲಿಗೆ ಒಂದು ಟೇಪು ಇಳಿಬಿಡಲಿಲ್ಲ.

ಈಗ ಲೆಕ್ಕ ಕೇಳು. ಹಳೇ ಮೇಸ್ತ್ರಿಗಳು ಹೇಳ್ತಿದ್ರು, 4 ಇಂಚಿನ ಪೈಪಿಗೆ 40 ಅಡಿಗೆ 1 ಅಡಿ ಇಳಿಜಾರು, 6 ಇಂಚಿಗೆ 60 ಅಡಿಗೆ 1 ಅಡಿ ಅಂತ. ನಮ್ಮ ಹಿಂದಿನ ಬಚ್ಚಲಿಂದ ರಸ್ತೆಗೆ 120 ಅಡಿ, 6 ಇಂಚಿನ ಪೈಪು. ಅಂದ್ರೆ 2 ಅಡಿ ಇಳಿಜಾರಿಗೇ ಹೋಯ್ತು. ಮೊದಲನೇ ಚೇಂಬರ್ರೇ 2 ಅಡಿ ಆಳ. ರಸ್ತೆಗೆ ಬರೋ ಹೊತ್ತಿಗೆ 4 ಅಡಿ. ಅದರ ಮೇಲೆ ನಮ್ಮ ಗ್ರೌಂಡ್ ಫ್ಲೋರು ರಸ್ತೆಗಿಂತ ಒಂದಡಿ ತಗ್ಗು, ಯಾಕಂದ್ರೆ ಡಾಂಬರಿನ ಮೇಲೆ ಡಾಂಬರು ಸುರಿದು ಸುರಿದು ರಸ್ತೆ ಏರಿತ್ತು. ಮ್ಯಾನ್‌ಹೋಲ್ ಒಳಗೆ ಪೈಪಿನ ತಳ ಎಷ್ಟರಲ್ಲಿತ್ತು ಗೊತ್ತಾ? ಮೂರೂಕಾಲು ಅಡಿ! ಇಂಜಿನಿಯರ್‌ಗಳು ಇನ್ವರ್ಟ್ ಲೆವೆಲ್ ಅಂತಾರೆ. ನಿಮ್ಮ ದೊಡ್ಡಪ್ಪ ಸಾಯೋವರೆಗೂ ಆ ಪದಾನ ಮಂತ್ರದ ಥರ ಹೇಳೋರು.

ಬಿಲ್ಡರ್‌ಗೆ ಇದು ಗೊತ್ತಾಗಿದ್ದು ಮೂರನೇ ಮಹಡಿ ಮೋಲ್ಡಿಂಗ್ ಆದ್ಮೇಲೆ. ಕಟ್ಟಡ ಎತ್ತೋಕಾಗುತ್ತಾ? ಅವನು ಇಳಿಜಾರನ್ನೇ ತಿಂದುಹಾಕಿದ. ಪೈಪನ್ನ ನೆಲಕ್ಕೆ ಸಮ ಮಲಗಿಸಿ, ಕೊನೇಲಿ ಸ್ವಲ್ಪ ಮೇಲಕ್ಕೇ ಎತ್ತಿ, ಒಂದು ರಾತ್ರಿ ರಸ್ತೆ ಬಗೆದು ಮ್ಯಾನ್‌ಹೋಲಿಗೆ ಸೇರಿಸಿಬಿಟ್ಟ. ಅಪ್ರೂವಲ್ಲೂ ಇಲ್ಲ, ರಸ್ತೆ ಕಟಿಂಗ್ ಪರ್ಮಿಷನ್ನೂ ಇಲ್ಲ. ಸಾಲದ್ದಕ್ಕೆ ಟೆರೇಸಿನ ಮಳೆನೀರಿನ ಪೈಪನ್ನೂ ಅದೇ ಚೇಂಬರಿಗೆ ಬಿಟ್ಟ.

2009, ಗೌರಿ ಹಬ್ಬ. ಮೊರದ ಬಾಗಿನ ಎಲ್ಲ ಜೋಡಿಸಿ ಇಟ್ಟಿದ್ದೀನಿ. ಮಧ್ಯಾಹ್ನ ಒಂದು ಜಡಿಮಳೆ. ಬಚ್ಚಲಲ್ಲಿ ಗುಳುಗುಳು ಅಂತ ಶಬ್ದ. ಪಾತ್ರೆ ತೊಳೀತಿದಾರೇನೋ ಅಂದ್ಕೊಂಡೆ. ಐದು ನಿಮಿಷಕ್ಕೆ... ಬೇಡ, ಊಟದ ಹೊತ್ತು, ಹೇಳಲ್ಲ. ದೇವರ ಕೋಣೆ ಹೊಸ್ತಿಲವರೆಗೂ ಬಂತು ಅಂತ ಮಾತ್ರ ಹೇಳ್ತೀನಿ. ಅವತ್ತು ಗೌರಮ್ಮನ್ನ ಎತ್ಕೊಂಡು ಹೋಗಿ ವಾಚ್‌ಮನ್ ಕುರ್ಚಿ ಮೇಲೆ ಕೂರಿಸಿದ್ದೆ.

ಕಟ್ಟಿಕೊಂಡ ಚರಂಡಿ ನೀರು ಎಲ್ಲಿ ಬಾಯಿ ತಗ್ಗಿದೆಯೋ ಅಲ್ಲಿಂದ ಮೊದಲು ಏಳುತ್ತೆ, ಅಷ್ಟೇ ಅದರ ಕಥೆ. ರಸ್ತೆ ಮುಚ್ಚಳಕ್ಕಿಂತ ನಮ್ಮ ಬಚ್ಚಲು ತಗ್ಗು, ಹಾಗಾಗಿ ಇಡೀ ಬೀದಿದು ನಮ್ಮನೇಲಿ ಎದ್ದಿತು. ಆ ವರ್ಷವೇ ಮಳೆಕೊಯ್ಲು ಕಡ್ಡಾಯ ಮಾಡಿದ್ದು ನೋಡು. ಟೆರೇಸಿನ ನೀರು ಸಂಪಿಗೋ ಇಂಗುಗುಂಡಿಗೋ ಹೋಗಿದ್ರೆ ಅರ್ಧ ಗೋಳು ಇರ್ತಿರಲಿಲ್ಲ.

ಮಾರನೇ ದಿನ ಬಿಲ್ಡರ್ ಒಬ್ಬ ಹುಡುಗನ್ನ ಕರ್ಕೊಂಡು ಬಂದ. ಇಪ್ಪತ್ತು ವರ್ಷ ಇರಬಹುದು. ಚಡ್ಡಿ ಹಾಕಿಕೊಂಡು, ಹಗ್ಗ ಸುತ್ಕೊಂಡು ಮ್ಯಾನ್‌ಹೋಲಿಗೆ ಇಳಿಯೋಕೆ ಸಿದ್ಧ. ನಾನು ಗೇಟಿಗೆ ಅಡ್ಡ ನಿಂತುಬಿಟ್ಟೆ. ನಮ್ಮನೆ ಬಚ್ಚಲಿಗೋಸ್ಕರ ಯಾರೂ ಅದರೊಳಗೆ ಇಳಿಯೋದು ಬೇಡ ಅಂದೆ. ಆಗ ಮನುಷ್ಯರನ್ನ ಇಳಿಸೋದು ಮಾಮೂಲಿ ಅನ್ನೋ ಹಾಗಿತ್ತು. ಈಗ 2013ರ ಕಾಯ್ದೆ ಇದೆ, ಇಳಿಸಿದವರಿಗೆ ಜೈಲು. ನಿನ್ನ ಬಿಲ್ಡರ್ ಯಾವತ್ತಾದ್ರೂ ಹಾಗೆ ಯಾರನ್ನಾದ್ರೂ ಕರೆತಂದ್ರೆ ಅವತ್ತೇ ಅವನ ಸಹವಾಸ ಬಿಡು.

ಕಂಪ್ಲೇಂಟ್ ಕೊಡೋಕೆ ಹೋದ್ರೆ ಅಲ್ಲಿನ ಇಂಜಿನಿಯರ್ ಪಾಪ ಒಳ್ಳೆಯವರೇ. ‘ನಿಮ್ಮ ಸ್ಯಾನಿಟರಿ ಕನೆಕ್ಷನ್ ಫೈಲ್ ಕೊಡಿ’ ಅಂದ್ರು. ಫೈಲ್ ಎಲ್ಲಿದೆ? ಮಂಜೂರೇ ಆಗಿಲ್ವಲ್ಲ! ನಮ್ಮ ಲೆಕ್ಕಕ್ಕೆ ನಾವು ಅಪಾರ್ಟ್‌ಮೆಂಟಿನವರು, ಕಾಗದದ ಲೆಕ್ಕಕ್ಕೆ ನಮ್ಮದು ಕಳ್ಳ ಪೈಪು. ಆದ್ರೂ ಅವರು ಬಂದು ಕಾಲು ಮೂರು ಇರೋ ಆ ದುರ್ಬೀನು, ಪಟ್ಟೆಪಟ್ಟೆ ಕೋಲು ಇಟ್ಟು ಹತ್ತು ನಿಮಿಷದಲ್ಲಿ ಲೆವೆಲ್ ತೋರಿಸಿದ್ರು. ಹತ್ತು ನಿಮಿಷ ಕಣೋ. ಪಾಯ ತೆಗೆಯೋ ಮೊದಲು ಮಾಡಿಸಿದ್ರೆ ಅದೇ ಹತ್ತು ನಿಮಿಷ, ಮನೆಯನ್ನ ಎರಡಡಿ ಎತ್ತಿ ಕಟ್ತಿದ್ವಿ. ಆಮೇಲೆ ಆಗಿದ್ದೇನು? ಕೆಳಗಿನ ಕ್ರಾಸಲ್ಲಿ 7 ಅಡಿ ಆಳದ ಮ್ಯಾನ್‌ಹೋಲ್ ಇತ್ತು, ಅಲ್ಲಿಗೆ 340 ಅಡಿ ಹೊಸ ಪೈಪು. ಅದರ ಅರ್ಜಿ, ಎಸ್ಟಿಮೇಟು, ಡಿಪಾಸಿಟ್ಟು, ರಸ್ತೆ ಅಗೆಯೋಕೆ ಬೇರೆ ಅರ್ಜಿ. ಒಂಬತ್ತು ತಿಂಗಳು. ಅಲ್ಲಿವರೆಗೂ ವಾರಕ್ಕೆ ಎರಡು ಸಲ ಸಕ್ಕಿಂಗ್ ಲಾರಿ. ಅದು ಬಂದ ದಿನ ಎದುರು ಮನೆಯವರು ಕಿಟಕಿ ಹಾಕಿಕೊಳ್ಳೋರು.

ಇದರ ಮಧ್ಯೆ ನಿಮ್ಮ ಚಿಕ್ಕಪ್ಪಂದಿರು ಏನಂದ್ರು ಗೊತ್ತಾ? ಈಗ ಈ ಗ್ರೂಪಲ್ಲೇ ಇದಾರೆ, ಕೇಳಿಸ್ಕೊಳ್ಳಲಿ. ‘ಅತ್ತಿಗೆ, ಅದು ಗ್ರೌಂಡ್ ಫ್ಲೋರಿನವರ ಸಮಸ್ಯೆ’ ಅಂದ್ರು! ಎರಡನೇ ಮಹಡಿ ಒಬ್ಬರಿಗೆ, ಮೂರನೇ ಮಹಡಿ ಕಾರ್ನರ್ ಒಬ್ಬರಿಗೆ, ಗಾಳಿ ಬೆಳಕು ಬೇಕು ಅಂತ ಮೊದಲೇ ಆರಿಸಿಕೊಂಡ್ರು. ದೊಡ್ಡವರು ಮೆಟ್ಟಿಲು ಹತ್ತೋಕಾಗಲ್ಲ, ಕೆಳಗಿರಲಿ ಅಂತ ನಮಗೆ ಗ್ರೌಂಡ್ ಫ್ಲೋರು. ಆಹಾ, ಏನು ಕಾಳಜಿ! ಮೇಲಿಂದ ಬಿದ್ದದ್ದೆಲ್ಲ ನಮ್ಮೊಬ್ಬರದೇನಪ್ಪ? ಪೈಪಿಗೆ ಹಣ ಹಾಕಿ ಅಂದ್ರೆ ಒಬ್ಬರಿಗೆ ಮಗಳ ಫೀಸು, ಇನ್ನೊಬ್ಬರಿಗೆ ಕಾರಿನ ಕಂತು. ಕೊನೆಗೆ ನನ್ನ ಅವಲಕ್ಕಿ ಸರ ಗಿರವಿಗೆ ಹೋಯ್ತು. ನಮ್ಮಮ್ಮ ಹಾಕಿದ್ದು. ಲೈನು ಹಾಕಿಸಿದ ಮೇಲೆ ಕಾರ್ನರಿನವರು ಫ್ಲ್ಯಾಟ್ ಮಾರಿದ್ರಲ್ಲ, ಜಾಹೀರಾತಲ್ಲಿ ‘ಯುಜಿಡಿ ಸೌಲಭ್ಯ ಇದೆ’ ಅಂತ ಹಾಕಿದ್ರು. ಆ ಸಾಲು ಓದಿದಾಗ ಕತ್ತು ಮುಟ್ಟಿ ನೋಡ್ಕೊಂಡೆ. ಸರ ಇವತ್ತಿಗೂ ವಾಪಸ್ ಬಂದಿಲ್ಲ. ನಿಮ್ಮ ದೊಡ್ಡಪ್ಪ ಬಿಡಿಸಿಕೊಡ್ತೀನಿ ಅಂತಾನೇ ಇದ್ದರು.

...ಇರಲಿ. ಏನು ಹೇಳ್ತಿದ್ದೆ.

ಹಾಂ, ನಿನ್ನ ಬಿಲ್ಡರ್. ಕಾವೇರಿ ಕುಡಿಯೋ ನೀರಿನ ಐದನೇ ಹಂತ ಬಂದಾಯ್ತು, ನೀರಿಗೇನು ಚಿಂತೆ ಅಂತ ಹೇಳಿರ್ತಾನೆ. ಎಲ್ಲರೂ ಅದನ್ನೇ ಹೇಳೋದು. ನಿಜ, 2024ರ ಅಕ್ಟೋಬರಲ್ಲಿ ಬಂತು, ದಿನಕ್ಕೆ 77.5 ಕೋಟಿ ಲೀಟರು, ಬೆಂಗಳೂರಿಗೆ ಸೇರಿಸಿಕೊಂಡ ಆ 110 ಹಳ್ಳಿಗಳಿಗೆ ಅಂತ. ತೊರೆಕಾಡನಹಳ್ಳಿಯಿಂದ ಸುಮಾರು 100 ಕಿಲೋಮೀಟರು, ಹತ್ತಿರ ಹತ್ತಿರ ಅರ್ಧ ಕಿಲೋಮೀಟರು ಎತ್ತರಕ್ಕೆ ಪಂಪ್ ಹೊಡೆದು ನಮಗೆ ನೀರು ಎತ್ತಿ ಕೊಡ್ತಾರೆ. ಬರೋ ನೀರನ್ನ ಎತ್ತೋಕೆ ಜನ ಇದಾರೆ ಕಿಟ್ಟಿ. ನಿನ್ನ ಬಚ್ಚಲಿಂದ ಹೋಗೋ ನೀರನ್ನ ರಸ್ತೆಗೆ ಎತ್ತಿ ಕೊಡೋರು ಯಾರೂ ಇಲ್ಲ, ಅದು ತಾನಾಗಿ ಇಳಿದು ಹೋಗಬೇಕು. ಅಲ್ಲಿಂದ ಮುಂದೆ ಊರಿನ ಇಳಿಜಾರು ಹಿಡಿದು ವೃಷಭಾವತಿ ಕಣಿವೆ ಕಡೆಗೋ, ಹೆಬ್ಬಾಳದ ಕಡೆಗೋ, ಕೋರಮಂಗಲ–ಚಲ್ಲಘಟ್ಟದ ಕಡೆಗೋ. ನಿಂದು ಚಲ್ಲಘಟ್ಟದ ಕಡೆ ಇಳಿಯುತ್ತೆ. ಅಲ್ಲಿ ಶುದ್ಧ ಮಾಡಿದ ನೀರೇ 2018ರಿಂದ ನನ್ನ ತವರು ಕಡೆ, ಕೋಲಾರದ ಕೆರೆಗಳಿಗೆ ಹೋಗ್ತಿರೋದು. ನಮ್ಮಣ್ಣ ಫೋನ್ ಮಾಡಿದಾಗೆಲ್ಲ ‘ನೀವು ಸ್ನಾನ ಮಾಡಿದ ನೀರು ತಲುಪಿತು’ ಅಂತ ಛೇಡಿಸ್ತಾನೆ.

ನಿಂದು 16 ಮನೆ. ಮನೆಗೆ ಐದು ಜನ ಅಂದ್ರೆ 80 ಜನ. ಇಂಜಿನಿಯರ್‌ಗಳು ತಲೆಗೆ ದಿನಕ್ಕೆ 135 ಲೀಟರ್ ಹಿಡೀತಾರೆ, 10,800 ಲೀಟರ್ ಆಯ್ತು. ಅದರಲ್ಲಿ ಶೇಕಡಾ 80 ಚರಂಡಿಗೆ, 8,640 ಲೀಟರ್. 6,000 ಲೀಟರಿನ ಟ್ಯಾಂಕರಲ್ಲಿ ಹೆಚ್ಚುಕಮ್ಮಿ ಒಂದೂವರೆ ಲೋಡು, ದಿನಾ. ಒಳಗೆ ಬರೋಕೆ ಟ್ಯಾಂಕರ್ ಕರೀಬಹುದು. ಹೊರಗೆ ಹೋಗೋಕೆ ದಿನಾ ಎಷ್ಟು ಲಾರಿ ಕರೀತೀಯ? ಅದಕ್ಕೇ ಇನ್ನೊಂದು ಸಲ ಹೇಳ್ತೀನಿ, ಹೋಗೋ ನೀರಿನ ದಾರಿ ನೋಡದೆ ಪಾಯ ತೆಗೀಬೇಡ.

ಅಯ್ಯೋ, ಮುಖ್ಯವಾದದ್ದೇ ಹೇಳಲಿಲ್ಲ ನೋಡು. ನೀನು ಕೇಳಿದ್ದು ಎನ್‌ಒಸಿ ಅಲ್ವಾ. ಅದು ಬರೋವರೆಗೆ ಕಾಯಿ. ಸುಮ್ಮನೆ ಮನೇಲಿ ಕೂತು ಅಲ್ಲ, ಇನ್‌ಸ್ಪೆಕ್ಷನ್‌ಗೆ ಬರೋ ದಿನ ನೀನೇ ಅಲ್ಲಿರು, ಬಿಲ್ಡರ್ ಹುಡುಗನ್ನ ನಂಬಬೇಡ. ಎದುರಿನ ನೀರಿನ ಪೈಪು ಎಷ್ಟಿಂಚು, ಯುಜಿಡಿ ಎಷ್ಟು ಆಳ, ಸಾಲದಿದ್ರೆ ಯಾವ ಮ್ಯಾನ್‌ಹೋಲಿಗೆ ಸೇರಿಸಬೇಕು, ಎಷ್ಟು ದೂರ, ಇಷ್ಟನ್ನ ಕೇಳಿ ಬರ್ಕೋ. ಆ ಆಳಾನ ನಿನ್ನ ಆರ್ಕಿಟೆಕ್ಟ್‌ಗೆ ಕೊಟ್ಟು ಗ್ರೌಂಡ್ ಫ್ಲೋರಿನ ಮಟ್ಟ ಎಷ್ಟಿರಬೇಕು ಅಂತ ಡ್ರಾಯಿಂಗಲ್ಲಿ ಬರೆಸು. ಬೇಸ್‌ಮೆಂಟಲ್ಲಿ ವಾಚ್‌ಮನ್‌ಗೆ ಟಾಯ್ಲೆಟ್ ಅಂತ ಇಟ್ಟಿದ್ರೆ ಅದಕ್ಕೆ ಬೇರೆ ಗುಂಡಿ, ಪಂಪು ಬೇಕಾಗುತ್ತೆ, ಕರೆಂಟ್ ಹೋದ್ರೆ ಅದೂ ಕೈಕೊಡುತ್ತೆ. ಅದನ್ನ ಮೇಲಕ್ಕೆ ತರೋಕಾಗುತ್ತಾ ನೋಡು.

ಎನ್‌ಒಸಿ ಬಂದ್ರೆ ಕನೆಕ್ಷನ್ ಬಂದ ಹಾಗಲ್ಲ, ಅದೂ ತಿಳ್ಕೋ. ಪ್ರೋರೇಟಾ ಚಾರ್ಜು ಅಂತ ಇರುತ್ತೆ, ಕಟ್ಟಡದ ವಿಸ್ತೀರ್ಣದ ಲೆಕ್ಕದಲ್ಲಿ ಮಂಡಳಿಗೆ ಕಟ್ಟೋದು, ಅದು ಸಣ್ಣ ಮೊತ್ತ ಅಲ್ಲ. ಅದನ್ನ ಯಾರು ಕಟ್ಟಬೇಕು, ಲೈನು ಉದ್ದ ಮಾಡಬೇಕಾದ್ರೆ ಖರ್ಚು ಯಾರದು, ನಿನ್ನ ಅಗ್ರಿಮೆಂಟಲ್ಲಿ ಬರೆದಿದ್ಯಾ? ಬರೆದಿರಲ್ಲ, ನನಗೆ ಗೊತ್ತು. ಇವತ್ತೇ ವಕೀಲರಿಗೆ ಹೇಳಿ ಸೇರಿಸು. ಆಮೇಲೆ ಮಳೆಕೊಯ್ಲು, ಫ್ಲಶ್‌ಗೆ ಬೇರೆ ಪೈಪು, ಇವೆಲ್ಲ ಪ್ಲಾನಲ್ಲೇ ಬರಲಿ. ಟೆರೇಸಿನ ನೀರು ಚರಂಡಿಗೆ ಒಂದು ಹನಿ ಸೇರಬಾರದು. ಬೋರ್‌ವೆಲ್ ನೀರೇ ಬಳಸಿದ್ರೂ ಚರಂಡಿಗೆ ಬಿಟ್ಟರೆ ಸ್ಯಾನಿಟರಿ ಚಾರ್ಜು ಬರುತ್ತೆ, ಅದಕ್ಕೆ ಆಶ್ಚರ್ಯ ಪಡಬೇಡ.

ಮತ್ತೆ, ‘ಮೊದಲು ಟೆಂಪರರಿ ಹಾಕ್ಸೋಣ, ಒಸಿ ಆಮೇಲೆ ನೋಡೋಣ’ ಅಂತ ಅಂದ್ರೆ ಎದ್ದು ಬಾ. ಕಟ್ಟಡಕ್ಕೆ ಕಂಪ್ಲೀಷನ್ನು ಅಥವಾ ಆಕ್ಯುಪೆನ್ಸಿ ಸರ್ಟಿಫಿಕೇಟ್, ಅದೇ ಒಸಿ, ವಾಸಕ್ಕೆ ಬರಬಹುದು ಅನ್ನೋ ಪತ್ರ, ತೋರಿಸಿದ ಮೇಲೇ ಕರೆಂಟು, ನೀರು, ಒಳಚರಂಡಿ ಅಂತ ಸುಪ್ರೀಂ ಕೋರ್ಟ್ 2024ರ ಡಿಸೆಂಬರಲ್ಲೇ ಹೇಳಿದೆ. ಪ್ಲಾನ್ ಮೀರಿ ಒಂದು ರೂಮು ಜಾಸ್ತಿ ಎಬ್ಬಿಸಿ ಒಸಿ ನಿಂತುಹೋದ್ರೆ 16 ಮನೆಯವರೂ ನಲ್ಲಿ ತಿರುಗಿಸಿಕೊಂಡು ಕೂತಿರಬೇಕು.

ಭಾನುವಾರ ಬೆಳಗ್ಗೆ ಸೈಟಿಗೆ ಹೋಗು. ಮಂಡಳಿಯವರಿಗೆ ಹೇಳಿ ಮುಚ್ಚಳ ತೆಗೆಸು, ನೀನು ಬಗ್ಗಿ ನೋಡಬೇಡ, ಗ್ಯಾಸ್ ಇರುತ್ತೆ. ದೂರದಿಂದ ಕೋಲಿಗೆ ಟೇಪ್ ಕಟ್ಟಿ ಇಳಿಬಿಡಿಸು. ಎಷ್ಟು ಅಡಿ ಬಂತು ಅಂತ ಕಾಣೋ ಹಾಗೆ ಫೋಟೋ ತೆಗೆದು ಕಳಿಸು. ಗ್ರೂಪಿಗೆ ಹಾಕಬೇಡ, ಇವರೆಲ್ಲ ಅದಕ್ಕೂ ಹೆಬ್ಬೆಟ್ಟು ಒತ್ತುತಾರೆ. ನನಗೊಬ್ಬಳಿಗೇ ಕಳಿಸು.