ಸಹಾಯ ಬೇಕು: ಕಂಪನಿ ದಿವಾಳಿ ಕೇಸು ನೋಡುವ ವಕೀಲರು ಮಂಗಳೂರಲ್ಲಿ ಇದ್ದಾರಾ?

ನಮಸ್ಕಾರ. ಅಣ್ಣ ಕೆಲಸಕ್ಕಿದ್ದ ಬೈಕಂಪಾಡಿಯ ಕಂಪನಿ ದಿವಾಳಿಯಾಗಿ ಬೆಂಗಳೂರಿನ ಎನ್‌ಸಿಎಲ್‌ಟಿಗೆ (ಕಂಪನಿ ಕೇಸು ನೋಡುವ ನ್ಯಾಯಮಂಡಳಿ) ಹೋಗಿದೆ. ಸಂಬಳ ಬಾಕಿ. ನೌಕರರು ಬಾಕಿ ಕೇಳುವ ಫಾರಂ ಡಿ ತುಂಬಿ ಕ್ಲೇಮ್ ಹಾಕಬೇಕು. ಕೈಯಲ್ಲಿರುವುದು ಆಫರ್ ಲೆಟರ್, ಪಾಸ್‌ಬುಕ್, ಮಾಸಿಹೋದ ಎರಡು ಪೇ ಸ್ಲಿಪ್. ಇಷ್ಟು ಸಾಕಾ?

ದೊಡ್ಡ ತಲೆಬಿಸಿ ಬೇರೆಯೇ ಇದೆ. ಕಂಪನಿಯ ಆಸ್ತಿ ಮಾರಿ ದುಡ್ಡು ಹಂಚುವ ಹಂತ ಬಂದರೆ, ಸರದಿಯಲ್ಲಿ ಕಾರ್ಮಿಕರ 24 ತಿಂಗಳ ಬಾಕಿಗೆ ಅಡಮಾನ ಇಟ್ಟುಕೊಂಡ ಬ್ಯಾಂಕಿನ ಸಮಕ್ಕೇ ಸ್ಥಾನ. ಉಳಿದ ನೌಕರರದ್ದು 12 ತಿಂಗಳು, ಅದೂ ಇವರ ನಂತರ. ಅಣ್ಣ ಶಿಫ್ಟ್ ಸೂಪರ್‌ವೈಸರ್. ಯಾವ ಕಡೆಗೆ ಸೇರುತ್ತಾರೆ? ಪಿಎಫ್ ದುಡ್ಡು ಈ ಹಂಚಿಕೆಯಿಂದ ಹೊರಗೆ, ಅದೊಂದೇ ಸಮಾಧಾನ.

ಇಷ್ಟರ ನಡುವೆ ಡೈರೆಕ್ಟರುಗಳು ಬೋನಸ್ ಬೇರೆ ತೆಗೆದುಕೊಂಡಿದ್ದಾರಂತೆ! 2016ರ ದಿವಾಳಿ ಕಾಯ್ದೆಯಲ್ಲಿ ಹಿಂದಿನ 2 ವರ್ಷದ ಅಂಥ ಪಾವತಿ ಕೆದಕಬಹುದಲ್ವಾ?

ಇದೇ ಕೆಲಸ ಮಾಡುವ ವಕೀಲರು ಗೊತ್ತಿದ್ದರೆ ಇನ್‌ಬಾಕ್ಸ್ ಮಾಡಿ. ಜಾಗದ ತಕರಾರು ನೋಡುವವರು ಬೇಡ, ದಯವಿಟ್ಟು.