ಮಂಗಳೂರಿನ ಬೈಕಂಪಾಡಿ ಯಾರ್ಡಿಗೆ ರಾತ್ರಿ ಕಾವಲಿಗೆ ಡ್ರೋನ್ ಆಗ್ತದಾ?

ಪ್ರಶ್ನೆ: ನಾಲ್ಕು ಎಕರೆ ಯಾರ್ಡ್. ಹಿಂದಿನ ಪೊದೆ ಮೂಲೆ ಸಿಸಿಟಿವಿಗೆ ಸಿಗುವುದಿಲ್ಲ. ಥರ್ಮಲ್ (ಬಿಸಿ ಗುರುತಿಸುವ ಕ್ಯಾಮೆರಾದ) ಡ್ರೋನ್ ತಂದರೆ ಒಬ್ಬ ವಾಚ್‌ಮ್ಯಾನ್ ಕಡಿಮೆ ಮಾಡಬಹುದಾ?

ಉತ್ತರ 1: ಮೊದಲು ಡಿಜಿಟಲ್ ಸ್ಕೈ (ಸರ್ಕಾರದ ಡ್ರೋನ್ ಜಾಲತಾಣ) ನಕ್ಷೆ ನೋಡಿ ಮಾರಾಯ್ರೆ. ಬಂದರು, ಎಂಆರ್‌ಪಿಎಲ್ ತೈಲ ಶುದ್ಧೀಕರಣ ಘಟಕ, ಬಜ್ಪೆ ವಿಮಾನ ನಿಲ್ದಾಣ ಎಲ್ಲ ಆಚೀಚೆಯೇ. ನಕ್ಷೆಯ ಕೆಂಪು ವಲಯಕ್ಕೆ ಕೇಂದ್ರದ ಅನುಮತಿ, ಹಳದಿಗೆ ಎಟಿಸಿ (ವಿಮಾನ ಸಂಚಾರ ನಿಯಂತ್ರಣ)ಯದ್ದು. ಹಸಿರಾದರೂ 2021ರ ನಿಯಮದಂತೆ 400 ಅಡಿಯೇ ಮಿತಿ. ನಿಲ್ದಾಣದ ಗಡಿಯಿಂದ 8–12 ಕಿ.ಮೀ. ನಡುವೆ 200 ಅಡಿ. ನೋಂದಣಿ ಸಂಖ್ಯೆ ಇಲ್ಲದೆ ಹಾರಿಸಲೇಬೇಡಿ.

ಉತ್ತರ 2: ವಾಚ್‌ಮ್ಯಾನ್ ಇರಲಿ. ಡಬ್ಬದ ಮೇಲೆ ಹಾರಾಟ 30 ನಿಮಿಷ ಅಂತಿದ್ದರೆ ಕಡಲ ಗಾಳಿಗೆ ಸಿಗುವುದು 20ರ ಆಸುಪಾಸು. ಇಡೀ ರಾತ್ರಿ ಸುತ್ತುವುದು ಆಗದ ಮಾತು. ಬೇಲಿಗೆ ಸೆನ್ಸರ್ ಹಾಕಿ, ಅಲಾರಂ ಬಂದಾಗ ಮಾತ್ರ ಡ್ರೋನ್ ಏಳಿಸಿ. ಕಂಟೇನರ್ ಪಕ್ಕದಿಂದ ಏಳಿಸಿದರೆ ಕಬ್ಬಿಣಕ್ಕೆ ಕಂಪಾಸ್ ಕೆಟ್ಟು ಡ್ರೋನ್ ವಾಲಾಡುತ್ತದೆ. ಬಯಲಲ್ಲೇ ಪ್ಯಾಡ್ ಇಡಿ. ಇನ್ನೊಂದು: ಮುಸ್ಸಂಜೆಗೆ ಮುರಕಲ್ಲಿನ ಗೋಡೆ ಇನ್ನೂ ಬಿಸಿ ಇರ್ತದೆ, ಥರ್ಮಲ್‌ನಲ್ಲಿ ಅದರೆದುರು ನಿಂತ ಮನುಷ್ಯ ಕಾಣುವುದೇ ಕಷ್ಟ. ತಡರಾತ್ರಿ ಸ್ಪಷ್ಟ.

ಉತ್ತರ 3: ಜೂನ್‌ನಿಂದ ಸೆಪ್ಟೆಂಬರ್ ಲೆಕ್ಕಕ್ಕೇ ಹಿಡಿಯಬೇಡಿ. ಐಪಿ55 (ಧೂಳು-ನೀರು ತಡೆಯುವ ದರ್ಜೆ) ಇದ್ದರೂ ಲೆನ್ಸಿನ ಮೇಲೆ ಹನಿ ಕೂತರೆ ಚಿತ್ರ ಮಸುಕು. ಉಪ್ಪುಗಾಳಿಗೆ ಮೋಟರ್ ಬೇರಿಂಗ್ ತುಕ್ಕು ಹಿಡಿಯುತ್ತದೆ, ಹಾರಿಸಿದ ಮೇಲೆ ಒದ್ದೆ ಬಟ್ಟೆಯಲ್ಲಿ ಒರೆಸಿ ಒಣಗಿಸಿ. ಪಕ್ಕದ ಮನೆಯ ಅಂಗಳ ಕ್ಯಾಮೆರಾಕ್ಕೆ ಬೀಳದ ಹಾಗೆ ದಾರಿ ಹಾಕಿ, ಇಲ್ಲದಿದ್ದರೆ ಜಗಳ ಖಂಡಿತ.