ಭಾನುವಾರದ ಪ್ರಶ್ನೋತ್ತರ: ಫುಟ್ಸಾಲ್ ಲೀಗ್ ನಿಜವಾ, ಪೋಸ್ಟರ್ ಅಷ್ಟೇನಾ?

ಅಡ್ಮಿನ್: ಎಲ್ಲರಿಗೂ ನಮಸ್ಕಾರ. ಹೋದ ವಾರದಿಂದ ನಮ್ಮ ಹಾಸನ ಗ್ರೂಪಿನಲ್ಲಿ ‘ರಾಷ್ಟ್ರೀಯ ಪ್ರೊ ಫುಟ್ಸಾಲ್ ಲೀಗ್‌ಗೆ ಆಯ್ಕೆ’ ಅನ್ನುವ ಪೋಸ್ಟರ್ ಸುತ್ತುತ್ತಿದೆ. ಫುಟ್ಸಾಲ್ ಅಂದರೆ ಹಾಲ್ ಒಳಗೆ ಐದೈದು ಜನ ಆಡುವ ಫುಟ್‌ಬಾಲ್. ಅದಕ್ಕೇ ಕೋಚ್ ಸರ್ ಅವರನ್ನು ಕರೆದಿದ್ದೇವೆ. ಬೆಂಗಳೂರಿನಲ್ಲಿ ಫುಟ್ಸಾಲ್ ತಂಡಗಳನ್ನು ತಯಾರು ಮಾಡಿದವರು, ರೆಫರಿಯೂ ಹೌದು. ಸಂಜೆ 6ರಿಂದ 8. ಒಬ್ಬರಿಗೆ ಒಂದೇ ಪ್ರಶ್ನೆ. ದಯವಿಟ್ಟು ಶುಭಸಂಜೆ ಫೋಟೋ ಹಾಕಬೇಡಿ.

ಬೇಲೂರು ಬಾಯ್ಸ್: ಸರ್, ನಾವು ಟರ್ಫ್‌ನಲ್ಲಿ, ಅಂದ್ರೆ ಕೃತಕ ಹುಲ್ಲಿನ ಮೈದಾನದಲ್ಲಿ, ಐದೈದು ಜನ ಆಡ್ತೀವಿ. ಅದೇ ಫುಟ್ಸಾಲ್ ಅಲ್ವಾ?

ಕೋಚ್: ಅಲ್ಲ. ಟರ್ಫ್ ಸುತ್ತ ಬಲೆ ಇರುತ್ತದೆ. ಚೆಂಡು ಬಲೆಗೆ ಬಡಿದು ವಾಪಸ್ ಬಂದರೂ ನೀವು ಆಡುತ್ತಲೇ ಇರುತ್ತೀರಿ. ಫುಟ್ಸಾಲ್‌ನಲ್ಲಿ ಗೆರೆ ಇದೆ. ಗೆರೆ ದಾಟಿದರೆ ಚೆಂಡು ಹೊರಗೆ. ಅದನ್ನು ಕಾಲಿನಿಂದಲೇ ಒಳಗೆ ಹಾಕಬೇಕು, 4 ಸೆಕೆಂಡ್ ಒಳಗೆ. ಚೆಂಡು 4ನೇ ಸೈಜು, ಪುಟಿಯುವುದು ಕಡಿಮೆ. ನೆಲ ಮರದ್ದು, ಇಲ್ಲಾ ಅಷ್ಟೇ ನುಣುಪಾದ ಸಿಂಥೆಟಿಕ್. 20 ನಿಮಿಷದ 2 ಅವಧಿ, ಆಟ ನಿಂತಾಗಲೆಲ್ಲ ಗಡಿಯಾರವೂ ನಿಲ್ಲುತ್ತದೆ. ಒಂದು ಅವಧಿಯಲ್ಲಿ 6ನೇ ಫೌಲ್ ಆಯಿತೋ, ಎದುರಾಳಿಗೆ ಗೋಲಿನಿಂದ 10 ಮೀಟರ್ ದೂರದಿಂದ ಹೊಡೆತ, ಆಟಗಾರರು ಅಡ್ಡ ಸಾಲಾಗಿ ನಿಂತು ಗೋಡೆ ಕಟ್ಟುವ ಹಾಗಿಲ್ಲ. ಟರ್ಫ್‌ನಲ್ಲಿ ಫೌಲ್ ಯಾರು ಎಣಿಸುತ್ತಾರೆ?

ಟರ್ಫ್ ಮಾಲೀಕ, ಬಿ.ಎಂ. ರಸ್ತೆ: ಸರ್, ನಮ್ಮ ಬೋರ್ಡಿನಲ್ಲಿ ಫುಟ್ಸಾಲ್ ಅಂತಲೇ ಬರೆಸಿದ್ದೀವಿ. ದಿನಕ್ಕೆ ಎಷ್ಟು ಹುಡುಗರು ಬಂದು ಆಡ್ತಾರೆ ಗೊತ್ತಾ?

ಕೋಚ್: ಆಡಲಿ, ಒಳ್ಳೆಯದೇ. ಬೋರ್ಡು ನಿಮ್ಮದು.

ಹೊಳೆನರಸೀಪುರ 10: ನಮ್ಮ ದೇಶದಲ್ಲಿ ಫುಟ್ಸಾಲ್ ಲೀಗ್ ಇದೆಯಾ ಇಲ್ವಾ? ಒಬ್ಬೊಬ್ಬರು ಒಂದೊಂದು ಹೇಳ್ತಾರೆ.

ಕೋಚ್: ಎಐಎಫ್‌ಎಫ್, ಅಂದರೆ ಅಖಿಲ ಭಾರತ ಫುಟ್‌ಬಾಲ್ ಒಕ್ಕೂಟ, ಮಾಡುತ್ತಿರುವುದು ಫುಟ್ಸಾಲ್ ಕ್ಲಬ್ ಚಾಂಪಿಯನ್‌ಶಿಪ್. ಮೊದಲನೆಯದು 2021ರ ನವೆಂಬರ್‌ನಲ್ಲಿ ದೆಹಲಿಯಲ್ಲಿ ನಡೆಯಿತು. ಫೈನಲ್‌ನಲ್ಲಿ ಡೆಲ್ಲಿ ಎಫ್‌ಸಿ ತಂಡ ಮೊಹಮ್ಮಡನ್ ಸ್ಪೋರ್ಟಿಂಗ್ ಮೇಲೆ 7-2ರಿಂದ ಗೆದ್ದಿತು. ಒಳ್ಳೆಯ ಶುರು. ಆದರೆ ಅದು ಟೂರ್ನಿ. ಎಲ್ಲರೂ ಒಂದು ಕಡೆ ಸೇರುತ್ತಾರೆ, ಕೆಲವೇ ದಿನದಲ್ಲಿ ಮುಗಿಸಿ ಗಂಟು ಕಟ್ಟುತ್ತಾರೆ. ತಿಂಗಳುಗಟ್ಟಲೆ ನಡೆದು, ಇವತ್ತು ನಿಮ್ಮೂರಿನಲ್ಲಿ, ಮುಂದಿನ ವಾರ ಅವರೂರಿನಲ್ಲಿ ಆಡಿದರೆ ಅದು ಲೀಗ್.

ಲೀಗ್ ಯಾಕೆ ಕಷ್ಟ, ಒಂದು ಲೆಕ್ಕ ಹಾಕಿ. 10 ತಂಡ ಅಂದುಕೊಳ್ಳಿ. ಪ್ರತಿ ತಂಡಕ್ಕೂ ಹೊರಗೆ 9 ಪಂದ್ಯ. 14 ಆಟಗಾರರು, 4 ಸಿಬ್ಬಂದಿ, ಒಟ್ಟು 18 ಜನ. ಅಲ್ಲಿಗೆ ಒಂದು ತಂಡಕ್ಕೇ 162 ಸಲ ಹೋಗಿಬರುವ ಟಿಕೆಟ್. ಊಟ, ರೂಮು ಬೇರೆ. ಟಿಕೆಟ್ ಮಾರಿ ಇದು ಹುಟ್ಟುವುದಿಲ್ಲ. ಅದಕ್ಕೇ ಮೊದಲು ರಾಜ್ಯದೊಳಗೆ ಲೀಗ್ ಬರಬೇಕು, ಆಮೇಲೆ ಅಕ್ಕಪಕ್ಕದ ರಾಜ್ಯಗಳನ್ನು ಸೇರಿಸಿ ವಲಯ ಲೀಗ್, ಕೊನೆಗೆ ದೇಶ. ಎಲ್ಲರಿಗೂ ಮೇಲಿನ ಮೆಟ್ಟಿಲೇ ಮೊದಲು ಬೇಕು.

ಅರಸೀಕೆರೆ ಎಕ್ಸ್‌ಪ್ರೆಸ್: ಫಾರ್ವರ್ಡ್ ಬಂದಿದೆ ನೋಡಿ. *ಭಾರತದ ಫುಟ್‌ಬಾಲ್ ಉದ್ಧಾರಕ್ಕೆ 7 ಸೂತ್ರಗಳು. 1. ವಿದೇಶಿ ಸ್ಟಾರ್‌ಗಳನ್ನು ಕರೆಸಿ. 2. ಐಪಿಎಲ್ ಥರ ತಂಡ ಹರಾಜು ಹಾಕಿ. 3. ಸಿನಿಮಾದವರಿಗೆ ತಂಡ ಕೊಡಿ…* ಇಷ್ಟು ಮಾಡಿದ್ರೆ ಸಾಕಲ್ವಾ ಸರ್?

ಕೋಚ್: ಇದನ್ನೆಲ್ಲ ಮಾಡಿ ನೋಡಿ ಆಗಿದೆ. 2016ರಲ್ಲಿ ಪ್ರೀಮಿಯರ್ ಫುಟ್ಸಾಲ್ ಅಂತ ಬಂತು. ಅಧ್ಯಕ್ಷ ಪೋರ್ಚುಗಲ್‌ನ ಮಾಜಿ ಫುಟ್‌ಬಾಲ್ ತಾರೆ ಲೂಯಿಸ್ ಫಿಗೊ, ರಾಯಭಾರಿ ವಿರಾಟ್ ಕೊಹ್ಲಿ. ಬೆಂಗಳೂರು ತಂಡಕ್ಕೆ ಇಂಗ್ಲೆಂಡಿನ ಸ್ಟಾರ್ ಪಾಲ್ ಸ್ಕೋಲ್ಸ್, ಗೋವಾ ತಂಡಕ್ಕೆ ಬ್ರೆಜಿಲ್‌ನ ಸ್ಟಾರ್ ರೊನಾಲ್ಡಿನೊ. ರೊನಾಲ್ಡಿನೊ ಬೆಂಗಳೂರಿನ ಮೇಲೆ ಒಂದೇ ಪಂದ್ಯದಲ್ಲಿ 5 ಗೋಲು ಹೊಡೆದ. ಎರಡೇ ಪಂದ್ಯ ಆಡಿ ವಾಪಸ್ ಹೋದ. ಎಐಎಫ್‌ಎಫ್ ಆ ಲೀಗ್‌ಗೆ ಮಾನ್ಯತೆ ಕೊಡಲಿಲ್ಲ. 2016, 2017, ಎರಡು ಸೀಸನ್. ಆಮೇಲೆ ಇಲ್ಲ. ಉಳಿದದ್ದೇನು? ಫೋಟೋ. ಕೆಳಗೆ ಕ್ಲಬ್ ಇಲ್ಲ, ಹಾಲ್ ಇಲ್ಲ, ರೆಫರಿ ಇಲ್ಲ.

ಜಪಾನ್ ನೋಡಿ. 2007ರಲ್ಲಿ ಎಫ್.ಲೀಗ್ ಅನ್ನುವ ಫುಟ್ಸಾಲ್ ಲೀಗ್ ಶುರು ಮಾಡಿದರು, 8 ಕ್ಲಬ್. ಅದರಲ್ಲಿ ಪೂರ್ತಿ ವೃತ್ತಿಪರ ತಂಡ ನಗೋಯಾ ಓಷನ್ಸ್ ಒಂದೇ. ಮಿಕ್ಕ ತಂಡಗಳ ಹುಡುಗರು ಹಗಲು ಕೆಲಸ, ಆಮೇಲೆ ಪ್ರಾಕ್ಟೀಸ್. ನಗೋಯಾ ಸತತ 9 ವರ್ಷ ಗೆದ್ದಿತು, ಜನ ಬೇಜಾರಾದರು, ಆದ್ರೂ ಲೀಗ್ ನಿಲ್ಲಿಸಲಿಲ್ಲ. ಹಾಗೆ ಎಳೆದುಕೊಂಡು ಹೋಗುವ ತಾಳ್ಮೆ ಆ 7 ಸೂತ್ರದಲ್ಲಿ ಎಲ್ಲಿದೆ? ಇನ್ನು ಮೇಲೆ ಸೂತ್ರ ಕಳಿಸಬೇಡಿ.

ಪಿ.ಟಿ. ಮೇಷ್ಟ್ರು, ಚನ್ನರಾಯಪಟ್ಟಣ: ಸರ್, ನಮ್ಮ ಸ್ಕೂಲಲ್ಲಿ ಸಿಮೆಂಟಿನ ಹ್ಯಾಂಡ್‌ಬಾಲ್ ಕೋರ್ಟ್ ಇದೆ. ಬ್ಯಾಸ್ಕೆಟ್‌ಬಾಲ್ ಕೋರ್ಟೂ ಇದೆ. ಮಕ್ಕಳಿಗೆ ಫುಟ್ಸಾಲ್ ಕಲಿಸೋಕೆ ಯಾವುದು ಆಗುತ್ತೆ?

ಕೋಚ್: ಮೇಷ್ಟ್ರೇ, ಇದು ಪ್ರಶ್ನೆ ಅಂದ್ರೆ! ಹ್ಯಾಂಡ್‌ಬಾಲ್ ಕೋರ್ಟ್ 40 ಮೀಟರ್ ಉದ್ದ, 20 ಮೀಟರ್ ಅಗಲ. ಅಂತರರಾಷ್ಟ್ರೀಯ ಫುಟ್ಸಾಲ್‌ಗೂ ಅದು ಸರಿಹೋಗುವ ಅಳತೆ. ಗೋಲ್ ಪೋಸ್ಟ್ ಕೂಡ ಅದೇ, 3 ಮೀಟರ್ ಅಗಲ, 2 ಮೀಟರ್ ಎತ್ತರ. ಪೋಸ್ಟ್‌ಗಳನ್ನು ಮಾತ್ರ ನೆಲಕ್ಕೆ ಭದ್ರ ಮಾಡಿ, ಮಕ್ಕಳು ನೇತಾಡುತ್ತಾರೆ. ಬ್ಯಾಸ್ಕೆಟ್‌ಬಾಲ್ ಕೋರ್ಟ್ 28ಕ್ಕೆ 15, ಅಗಲ ಸಾಲದು. ಸಿಮೆಂಟ್ ನೆಲದಲ್ಲಿ ಮಂಡಿಗೆ ಪೆಟ್ಟು ಜಾಸ್ತಿ, ಹಾಗಾಗಿ ಜಾರಿ ಚೆಂಡು ಕಿತ್ತುಕೊಳ್ಳುವುದು ಬೇಡವೇ ಬೇಡ. ಕಲಿಯುವುದಕ್ಕೆ ಧಾರಾಳವಾಗಿ ಸಾಕು. 1930ರಲ್ಲಿ ಉರುಗ್ವೆಯ ಮಾಂಟೆವಿಡಿಯೊದಲ್ಲಿ ಹ್ವಾನ್ ಕಾರ್ಲೊಸ್ ಸೆರಿಯಾನಿ ಅನ್ನುವ ಮೇಷ್ಟ್ರು ಈ ಆಟ ಹುಟ್ಟುಹಾಕಿದ್ದೂ ಇರುವ ಜಾಗದಲ್ಲೇ. ನೀವೂ ಮೇಷ್ಟ್ರು. ಶುರು ಮಾಡಿ. ಒಂದು ಬೆಳಿಗ್ಗೆ ನಾನೇ ಬರುತ್ತೇನೆ.

ಪಿ.ಟಿ. ಮೇಷ್ಟ್ರು: ಬನ್ನಿ ಸರ್. ತಿಂಡಿ ನಮ್ಮನೇಲೇ.

ದ್ವಿತೀಯ ಪಿಯು ಹುಡುಗಿ: ಸರ್, ಹುಡುಗಿಯರಿಗೆ ಹಾಸನದಲ್ಲಿ ಫುಟ್ಸಾಲ್ ತಂಡ ಇದೆಯಾ? ನಾವು 6 ಜನ ಇದ್ದೀವಿ.

ಮೂಡಿಗೆರೆ ಮಿಡ್‌ಫೀಲ್ಡರ್: ಕಬಡ್ಡಿ ಲೀಗ್ 2014ರಲ್ಲಿ ಶುರುವಾಗಿ ಇನ್ನೂ ನಡೀತಿದೆ. ಫುಟ್ಸಾಲ್ ಯಾಕೆ ಆಗಲ್ಲ?

ಸಕಲೇಶಪುರ ಕೀಪರ್: ಕಬಡ್ಡಿ ಪ್ರತಿ ಊರಲ್ಲೂ ಮೊದಲೇ ಇತ್ತಲ್ಲ ಮಾರಾಯ. ಗಣಪತಿ ಹಬ್ಬಕ್ಕೆ ಲೈಟ್ ಹಾಕಿ ಆಡ್ತಾರೆ. ನಮ್ಮ ಕಡೆ ಜೂನ್‌ನಿಂದ ಸೆಪ್ಟೆಂಬರ್ ತನಕ ಮಳೆ. ಹಾಲ್ ಇಲ್ಲದೆ ಏನು ಆಡ್ತೀಯಾ?

ಮೂಡಿಗೆರೆ ಮಿಡ್‌ಫೀಲ್ಡರ್: ಮಳೇಲೂ ಆಡ್ತೀವಿ ನಾವು. ಹಾಸನ ಜಿಲ್ಲೆಯವರು ನಾಲ್ಕು ಹನಿ ಬಿದ್ರೆ ಕಾಫಿ ಕುಡಿಯೋಕೆ ಓಡ್ತೀರಿ.

ಸಕಲೇಶಪುರ ಕೀಪರ್: ಹೋದ ವರ್ಷ ನಮ್ಮ ಹತ್ರ 4 ಗೋಲು ತಿಂದು ಹೋದವರು ಯಾರಪ್ಪ?

ಮೂಡಿಗೆರೆ ಮಿಡ್‌ಫೀಲ್ಡರ್: ಅದು ನಿಮ್ಮೂರ ರೆಫರಿ ಕೃಪೆ.

ಆಲೂರು, ಒಬ್ಬ ತಂದೆ: ಸಾರ್ ನಮಸ್ಕಾರ. ಮಧ್ಯದಲ್ಲಿ ಕೇಳ್ತಿದ್ದೀನಿ, ತಪ್ಪು ತಿಳಿಯಬೇಡಿ. ನನ್ನ ಮಗನಿಗೆ 17 ವರ್ಷ. ಆ ಪೋಸ್ಟರ್ ನೋಡಿ ಹೆಸರು ಕೊಟ್ಟ. ಮೊದಲು 2,500 ರೂಪಾಯಿ ಕಟ್ಟಿಸಿಕೊಂಡರು. ಆಟದ ವಿಡಿಯೋ ಕಳಿಸಿದ, ಮಾರನೇ ದಿನವೇ ಆಯ್ಕೆ ಆಗಿದ್ದಾನೆ ಅಂದ್ರು. ಈಗ ಡ್ರೆಸ್, ಹೋಟೆಲ್, ಕಾಂಟ್ರಾಕ್ಟ್ ಅಂತ 35,000 ಕೇಳ್ತಿದ್ದಾರೆ. ಎಸ್ಸೆಸ್ಸೆಲ್ಸಿ ಅಂಕಪಟ್ಟಿ ಒರಿಜಿನಲ್ ಕೊರಿಯರ್ ಮಾಡಿ ಅಂದಿದ್ದಾರೆ. ಶುಂಠಿ ದುಡ್ಡು ಬಂದಿದೆ, ನಾಳೆ ಕಟ್ಟೋಣ ಅಂತಿದ್ದೆ. ಇದರ ಜೊತೆಗೆ ಮೊನ್ನೆ ಆಡುವಾಗ ಅವನ ಕಾಲು ಉಳುಕಿ ಪಾದದ ಗಂಟು ಊದಿದೆ.

ಕೋಚ್: ಯಜಮಾನ್ರೇ, ನಾಳೆ ಏನೂ ಕಟ್ಟಬೇಡಿ. ಒಂದು ರೂಪಾಯಿಯೂ ಬೇಡ. ಅಂಕಪಟ್ಟಿ ಮನೆ ಬಿಟ್ಟು ಹೊರಗೆ ಹೋಗಬಾರದು.

ಯಾಕೆ ಅಂತ ಹೇಳುತ್ತೇನೆ, ಮಗನಿಗೂ ಓದಿಸಿ. ನಿಜವಾದ ಕ್ಲಬ್ ಆಟಗಾರನಿಗೆ ದುಡ್ಡು ಕೊಡುತ್ತದೆ, ಕಿತ್ತುಕೊಳ್ಳುವುದಿಲ್ಲ. ಬಟ್ಟೆ, ರೂಮು, ಪ್ರಯಾಣ ಕ್ಲಬ್ಬಿನ ಖರ್ಚು. ಮೊಬೈಲಿನಲ್ಲಿ ತೆಗೆದ ವಿಡಿಯೋ ನೋಡಿ ರಾತ್ರೋರಾತ್ರಿ ಯಾರೂ ಕಾಂಟ್ರಾಕ್ಟ್ ಕೊಡುವುದಿಲ್ಲ. ನಾನು ಒಬ್ಬ ಹುಡುಗನನ್ನು ತಂಡಕ್ಕೆ ತೆಗೆದುಕೊಳ್ಳಬೇಕಾದರೆ ಕಣ್ಣೆದುರು ಹಲವು ಸಲ ಆಡಿಸಿ ನೋಡುತ್ತೇನೆ. ಚೆಂಡು ಇಲ್ಲದಾಗ ಎಲ್ಲಿ ನಿಲ್ಲುತ್ತಾನೆ ಅನ್ನುವುದು ವಿಡಿಯೋದಲ್ಲಿ ಕಾಣುವುದೇ ಇಲ್ಲ. ಇನ್ನೊಂದು, ಆಟಗಾರನ ನೋಂದಣಿ ಕ್ಲಬ್ ಮೂಲಕ ಎಐಎಫ್‌ಎಫ್‌ನ ಕೇಂದ್ರ ನೋಂದಣಿ ವ್ಯವಸ್ಥೆಯಲ್ಲಿ ಆಗುತ್ತದೆ. ವಾಟ್ಸಾಪ್‌ನಲ್ಲಿ ಆಗುವುದಿಲ್ಲ. ನಿಮ್ಮ ಮಗನಿಗೆ 18 ತುಂಬಿಲ್ಲ. ನಿಮ್ಮ ಸಹಿ ಇಲ್ಲದೆ ಅವನ ಕಾಂಟ್ರಾಕ್ಟ್‌ಗೆ ಬೆಲೆ ಇಲ್ಲ. ನಿಮಗೆ ಇದುವರೆಗೆ ಒಂದಾದರೂ ಕಾಗದ ತೋರಿಸಿದರಾ?

ಅವರಿಗೆ ಒಂದೇ ಪ್ರಶ್ನೆ ಕೇಳಿ: ಯಾವ ಕ್ಲಬ್, ರಾಜ್ಯ ಫುಟ್‌ಬಾಲ್ ಸಂಸ್ಥೆಯಲ್ಲಿ ಅದರ ನೋಂದಣಿ ಯಾವ ಹೆಸರಿನಲ್ಲಿದೆ? ಬಾಯಿ ತಡವರಿಸಿದರೆ ಅಲ್ಲಿಗೆ ಬಿಡಿ. ಕಟ್ಟಿದ 2,500ಕ್ಕೆ ಸೈಬರ್ ಸಹಾಯವಾಣಿ 1930ಕ್ಕೆ ಕರೆ ಮಾಡಿ, ಇವತ್ತೇ. ಚಾಟ್, ದುಡ್ಡು ಕಳಿಸಿದ ರಸೀದಿ ಯಾವುದನ್ನೂ ಅಳಿಸಬೇಡಿ. ಫುಟ್ಸಾಲ್ ಹುಟ್ಟಿದ ವರ್ಷವೂ 1930, ನೆನಪಿಟ್ಟುಕೊಳ್ಳಲು ಸುಲಭ.

ಮಗನನ್ನು ಬೈಯಬೇಡಿ. ಆಸೆಪಟ್ಟಿದ್ದು ತಪ್ಪಲ್ಲ. ಕಾಲು ಎಷ್ಟು ಊದಿದೆ? ಊರಿ ನಡೆಯುತ್ತಾನಾ?

ಆಲೂರು, ಒಬ್ಬ ತಂದೆ: ಊರೋಕೆ ಆಗ್ತಿಲ್ಲ ಸಾರ್. ಕುಂಟುತ್ತಾನೆ.

ಅರಸೀಕೆರೆ ಎಕ್ಸ್‌ಪ್ರೆಸ್: ಬಿಸಿ ಎಣ್ಣೆ ಹಾಕಿ ಚೆನ್ನಾಗಿ ಉಜ್ಜಿ ಅಣ್ಣ. ಫಾರ್ವರ್ಡ್ ಕಳಿಸ್ತೀನಿ. *ಎಕ್ಕದ ಎಲೆ ಬಿಸಿ ಮಾಡಿ ಕಟ್ಟಿದರೆ ಒಂದೇ ರಾತ್ರಿಗೆ…*

ಬೇಲೂರು ಬಾಯ್ಸ್: ನಮ್ಮೂರಲ್ಲಿ ಉಳುಕು ತೆಗೆಯುವ ಅಜ್ಜ ಇದ್ದಾರೆ. ಎಳೆದು ಸರಿ ಮಾಡ್ತಾರೆ.

ಕೋಚ್: ಅಯ್ಯೋ ದೇವರೇ. ಯಾರೂ ಎಳೆಯಬೇಡಿ, ಯಾರೂ ಉಜ್ಜಬೇಡಿ. ನಾನು ಡಾಕ್ಟರ್ ಅಲ್ಲ, ಆದರೆ ಈ ಎಣ್ಣೆಯಿಂದ ಮೂರು ವಾರದ ನೋವು ಮೂರು ತಿಂಗಳಾಗಿದ್ದನ್ನು ನನ್ನ ತಂಡದಲ್ಲೇ ನೋಡಿದ್ದೇನೆ. ನಾಲ್ಕು ಹೆಜ್ಜೆ ಊರಲು ಆಗದಿದ್ದರೆ ಎಕ್ಸ್‌ರೇ ಬೇಕು. ಮೂಳೆ ಬಿರುಕು ಬಿಟ್ಟಿದ್ದರೆ ಎಳೆದಾಗ ಏನಾಗುತ್ತದೆ, ಯೋಚನೆ ಮಾಡಿ. ಅಲ್ಲಿಯವರೆಗೆ ಕಾಲು ಎತ್ತರದಲ್ಲಿಟ್ಟು ಬಟ್ಟೆ ಸುತ್ತಿದ ಐಸ್ ಇಡಿ. ಯಜಮಾನ್ರೇ, ಇವತ್ತು ರಾತ್ರಿಯೇ ಆಸ್ಪತ್ರೆಗೆ ಕರೆದುಕೊಂಡು ಹೋಗಿ.

ಅರಸೀಕೆರೆ ಎಕ್ಸ್‌ಪ್ರೆಸ್: ನಮ್ಮ ಅಜ್ಜಿ ಕಾಲದಿಂದ ಮಾಡ್ತಿದ್ದೀವಿ ಸರ್. ಎಲ್ಲದಕ್ಕೂ ಡಾಕ್ಟರ್ ಅಂದ್ರೆ ಹೇಗೆ?

ಕೋಚ್: ನಿಮ್ಮ ಕಾಲಿಗೆ ಮಾಡಿಕೊಳ್ಳಿ. ಬೇರೆಯವರ ಮಗನ ಕಾಲಿಗೆ ಹೇಳಬೇಡಿ.

ಗೊರೂರು ಗೋಲ್‌ಮೆಷಿನ್: ಸರ್, ಟರ್ಫ್ ಆಟಾನೇ ಫುಟ್ಸಾಲ್ ಅಲ್ವಾ?

ಕೋಚ್: ಮೇಲೆ ಓದಿ.

ಟರ್ಫ್ ಮಾಲೀಕ: ಸರ್ ಟರ್ಫ್ ಅಂದ್ರೆ ಕೀಳು ಅನ್ನೋ ಹಾಗೆ ಮಾತಾಡ್ತಿದ್ದಾರೆ. ಇಲ್ಲಿ ದುಡ್ಡು ಹಾಕಿದವರು ನಾವು. ನಮ್ಮಂಥವರಿಲ್ಲದೆ ಯಾವ ಲೀಗೂ ಬರಲ್ಲ.

ಸಕಲೇಶಪುರ ಕೀಪರ್: ಗಂಟೆಗೆ ದುಡ್ಡು ಇಸ್ಕೊಳ್ತೀರಿ, ಪುಗಸಟ್ಟೆ ಸೇವೆ ಅಲ್ಲ.

ಟರ್ಫ್ ಮಾಲೀಕ: ಕರೆಂಟ್ ಬಿಲ್ ನಿಮ್ಮಪ್ಪ ಕಟ್ತಾರಾ?

ಅಡ್ಮಿನ್: ಅಪ್ಪ ಅಮ್ಮನ ವಿಷಯ ಬೇಡ. ಇಬ್ಬರೂ ನಿಲ್ಲಿಸಿ.

ಹೊಳೆನರಸೀಪುರ 10: ರೆಫರಿ ಆಗೋದು ಹೇಗೆ ಸರ್? ಶೂ ಯಾವುದು ತಗೊಳ್ಳಲಿ?

ಮೂಡಿಗೆರೆ ಮಿಡ್‌ಫೀಲ್ಡರ್: ರೆಫರಿ ಬೇಕಾದ್ರೆ ಸಕಲೇಶಪುರದಿಂದ ಕರೆಸಿ. ಅಲ್ಲಿ ಎಲ್ಲಾ ಗೋಲೂ ಗೋಲೇ.

ಸಕಲೇಶಪುರ ಕೀಪರ್: ಅಡ್ಮಿನ್, ಇವನನ್ನು ತೆಗೀತೀರಾ ಇಲ್ಲಾ ನಾನೇ ಹೋಗ್ಲಾ?

ದ್ವಿತೀಯ ಪಿಯು ಹುಡುಗಿ: ಸರ್, ನನ್ನ ಪ್ರಶ್ನೆ ಮೇಲೆ ಇದೆ.

ಹಾಸನ ಹುಡುಗ: ಟರ್ಫೂ ಫುಟ್ಸಾಲೂ ಒಂದೇ ತಾನೆ?

ಕೋಚ್: ಅಲ್ಲ.

ಅಡ್ಮಿನ್: 8 ಗಂಟೆ ಆಯಿತು. ಜಗಳ ಪರ್ಸನಲ್ ಆಗಿ ಮಾಡಿಕೊಳ್ಳಿ.

ಆಲೂರು, ಒಬ್ಬ ತಂದೆ: ಸಾರ್, ಇಷ್ಟು ಹೊತ್ತಲ್ಲಿ ತೊಂದರೆ ಕೊಡ್ತಿದ್ದೀನಿ. ಎಕ್ಸ್‌ರೇ ತೆಗೆಸಿದೆ, ಮೂಳೆ ಸರಿ ಇದೆ ಅಂದ್ರು. ಕಟ್ಟು ಹಾಕಿದ್ದಾರೆ. ಅವರಿಗೆ ಫೋನ್ ಮಾಡಿ ಕ್ಲಬ್ ಯಾವುದು ಅಂತ ಕೇಳಿದೆ. ಕಟ್ ಮಾಡಿದ್ರು, ಆಮೇಲೆ ಸ್ವಿಚ್ ಆಫ್. 1930ಕ್ಕೂ ಹೇಳಿದ್ದೀನಿ. ಮಗ ನನ್ನ ಜೊತೆ ಮಾತಾಡ್ತಿಲ್ಲ.

ಕೋಚ್: ಎರಡು ದಿನ ಮಾತಾಡುವುದಿಲ್ಲ, ಬಿಡಿ. ಕಾಲು ವಾಸಿಯಾದ ಮೇಲೆ ನನ್ನ ಹತ್ತಿರ ಕಳಿಸಿ, ಫೀಸ್ ಬೇಡ. ಅಂಕಪಟ್ಟಿ ಎಲ್ಲಿದೆ?

ಆಲೂರು, ಒಬ್ಬ ತಂದೆ: ಬೀರುವಲ್ಲಿಟ್ಟು ಬೀಗ ಹಾಕಿದ್ದೀನಿ ಸಾರ್. ಕೀ ನನ್ನ ಜೇಬಲ್ಲಿದೆ.